ಇದ್ದಿಲ ಗ್ರಿಲ್ ಮೇಲೆ ವೋಕ್: ಕಾವು ಏರದಿದ್ದರೆ, ಏರಿ ಕೈಮೀರಿದರೆ

ಕೆಂಡ ನಿಗಿನಿಗಿ ಹೊಳೆಯುತ್ತಿದೆ, ಹತ್ತಿರ ನಿಂತವರ ಮುಖ ಕೆಂಪಾಗಿದೆ, ಆದರೆ ವೋಕ್ ಎಂಬ ಚೀನೀ ಬಾಣಲೆಯೊಳಗಿನ ತರಕಾರಿ ಮಾತ್ರ ತನ್ನದೇ ನೀರಿನಲ್ಲಿ ಕೊತಕೊತ ಬೇಯುತ್ತಿದೆ. ಇದ್ದಿಲ ಗ್ರಿಲ್ ಮೇಲೆ ವೋಕ್ ಇಟ್ಟವರ ಮೊದಲ ದೂರು ಬಹುಪಾಲು ಇದೇ. ಎರಡನೆಯದು ಇದಕ್ಕೆ ತದ್ವಿರುದ್ಧ: ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳ್ಳುಳ್ಳಿ ಕರಕಲಾಯಿತು, ಎಣ್ಣೆ ಹೊತ್ತಿಕೊಂಡಿತು. ಎರಡು ಸಲವೂ ಬೈಸಿಕೊಳ್ಳುವುದು ವೋಕ್. ತಪ್ಪು ಇರುವುದು ಸಾಮಾನ್ಯವಾಗಿ ಅದರ ಕೆಳಗೆ. ಗ್ಯಾಸ್ ಒಲೆಯಲ್ಲಿ ನಾಬ್ ತಿರುಗಿಸಿದರೆ ಉರಿ ಬದಲಾಗುತ್ತದೆ. ಇದ್ದಿಲಿಗೆ ನಾಬ್ ಇಲ್ಲ, ಗಾಳಿ ಮತ್ತು ಅಂತರ ಮಾತ್ರ ಇವೆ. ಮೊದಲು ಈ ಎರಡನ್ನು ನೋಡಿ, ಹೊಸ ಪಾತ್ರೆಯ ಯೋಚನೆ ಆಮೇಲೆ ಮಾಡಿದರಾಯಿತು.

ಕಣ್ಣಿಗೆ, ಕಿವಿಗೆ, ಮೂಗಿಗೆ ಗೊತ್ತಾಗುವ ಲಕ್ಷಣಗಳ ಪ್ರಕಾರ ಇಲ್ಲಿ ವಿಂಗಡಿಸಿದ್ದೇನೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಕೈಕೆಸರಾಗುವ ಕೆಲಸ ನಂತರ.

ಬೆಂಕಿ ಹಚ್ಚುವ ಮುನ್ನ

ಈ ಅಡುಗೆ ಬಯಲಿನಲ್ಲಿಯೇ ಆಗಬೇಕು. ಉರಿಯುವ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ತೆರೆದ ಅಡುಗೆಮನೆ, ಬಾಗಿಲು ಎತ್ತಿದ ಗ್ಯಾರೇಜು, ಟೆಂಟು, ಗಾಜು ಮುಚ್ಚಿದ ಬಾಲ್ಕನಿ ಇವು ಯಾವುವೂ ಬಯಲಲ್ಲ.

ವೋಕ್ ಕಾರ್ಬನ್ ಸ್ಟೀಲಿನದೋ ಎರಕದ ಕಬ್ಬಿಣದ್ದೋ ಆಗಿರಲಿ. ನಾನ್‌ಸ್ಟಿಕ್ ಲೇಪ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡತೊಡಗುತ್ತದೆ, ಇನ್ನೂ ಕಾದರೆ ಹಾನಿಕರ ಹೊಗೆ ಬಿಡುತ್ತದೆ. ಕೆಂಡದ ಮೇಲೆ ಖಾಲಿ ಪಾತ್ರೆ ಆ ಮಟ್ಟ ಮುಟ್ಟಲು ಕೆಲವೇ ನಿಮಿಷ ಸಾಕು. ವೋಕಿಗೆ ಆಸರೆಯಾಗಿ ಸತು ಲೇಪಿಸಿದ ತಗಡನ್ನು ಬಳಸಬೇಡಿ, ಕೆಂಡದ ಕಾವಿಗೆ ಸತುವಿನ ಹೊಗೆ ಏಳಬಹುದು. ಹೊಳೆಯ ಕಲ್ಲು, ಒದ್ದೆ ಇಟ್ಟಿಗೆಯೂ ಬೇಡ. ಒಳಗಿನ ತೇವ ಆವಿಯಾಗಿ ಅವು ಸಿಡಿಯುತ್ತವೆ.

ಕೊನೆಯದಾಗಿ, ತಣ್ಣನೆಯ ಗ್ರಿಲ್ ಮೇಲೆ ಖಾಲಿ ವೋಕ್ ಇಟ್ಟು ನಾಲ್ಕೂ ಬದಿಯಿಂದ ಸಟ್ಟುಗದಲ್ಲಿ ಒತ್ತಿ ನೋಡಿ. ಈಗ ಅಲುಗಾಡಿದರೆ ಬಿಸಿ ಎಣ್ಣೆ ತುಂಬಿದಾಗಲೂ ಅಲುಗಾಡುತ್ತದೆ. ವೋಕಿನ ಬಾಯಿಗೆ ಸರಿಹೊಂದುವ ಲೋಹದ ಮುಚ್ಚಳವೊಂದು ಕೈಗೆ ಸಿಗುವಲ್ಲಿರಲಿ. ಅದು ಏಕೆಂದು ಮುಂದೆ ಹೇಳುತ್ತೇನೆ.

ಕೆಂಡ ಕೆಂಪಗಿದೆ, ವೋಕ್ ಮಾತ್ರ ಕಾಯುತ್ತಿಲ್ಲ

ನಿಜವಾಗಿಯೂ ಕಾದಿಲ್ಲವೇ ಎಂದು ಖಾತ್ರಿ ಮಾಡಿಕೊಳ್ಳಿ. ಎಣ್ಣೆ ಹಾಕುವ ಮೊದಲು ಒಣ ವೋಕಿಗೆ ನಾಲ್ಕು ಹನಿ ನೀರು ಚಿಮುಕಿಸಿ. ಹನಿ ಬಿದ್ದಲ್ಲೇ ಚುಂಯ್ ಎಂದು ಆರಿಹೋದರೆ ಕಾವು ಸಾಲದು. ಮುತ್ತಿನಂತೆ ಉಂಡೆಗಟ್ಟಿ ತಳದಲ್ಲಿ ಓಡಾಡಿದರೆ ಲೋಹ ಸುಮಾರು 200 ಡಿಗ್ರಿ ದಾಟಿದೆ. ಹನಿಯ ಅಡಿಯಲ್ಲಿ ಆವಿಯ ಪದರವೊಂದು ಹುಟ್ಟಿ ಅದನ್ನು ತೇಲಿಸುವುದರಿಂದ ಹೀಗಾಗುತ್ತದೆ. ಎಣ್ಣೆ ಬಿದ್ದ ಮೇಲೆ ಈ ಪರೀಕ್ಷೆ ಮಾಡಬೇಡಿ, ಮುಖಕ್ಕೆ ಸಿಡಿಯುತ್ತದೆ.

ಕಾವು ಸಾಲದೆಂದು ಖಚಿತವಾದರೆ ಮೊದಲು ಬೂದಿ ನೋಡಿ. ನಾನೊಮ್ಮೆ ಅರ್ಧ ಸಂಜೆಯೆಲ್ಲ ಇದ್ದಿಲಿನ ಗುಣಮಟ್ಟವನ್ನು ದೂರುತ್ತ ನಿಂತಿದ್ದೆ. ಕೊನೆಗೆ ಬೇಸತ್ತು ಒಂದು ಕಡ್ಡಿಯಿಂದ ತಳದ ಗಾಳಿಕಿಂಡಿ ಕೆದಕಿದಾಗ ಹಿಂದಿನ ಮೂರು ಅಡುಗೆಗಳ ಬೂದಿ ಸೊರಸೊರನೆ ಸುರಿಯಿತು, ಮೇಲಿನ ಕೆಂಡ ಯಾರೋ ಊದಿದಂತೆ ಹೊಳೆಯತೊಡಗಿತು. ‘ಬೂದಿ ಮುಚ್ಚಿದ ಕೆಂಡ’ ಎಂದರೆ ಮಾತಿನಲ್ಲಿ ಅಪಾಯದ ಸೂಚನೆ, ಒಲೆಯಲ್ಲಿ ಸೋಮಾರಿತನದ ಸೂಚನೆ. ಕೆಂಡದ ಮೈಮೇಲಿನ ಬೂದಿಯೂ ಕಾವನ್ನು ತಡೆಯುತ್ತದೆ. ವೋಕನ್ನು ಬದಿಗಿಟ್ಟು ಕೆಂಡದ ಜಾಲರಿಯನ್ನು ಇಕ್ಕಳದಿಂದ ಎರಡು ಸಲ ತಟ್ಟಿ. ಬಿಳಿಚಿದ ಕೆಂಡ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ದೋಷ ಸಿಕ್ಕಿತು.

ಬೂದಿ ಇಲ್ಲ, ತಳದ ಕಿಂಡಿಗಳೂ ಪೂರ್ತಿ ತೆರೆದಿವೆ ಎಂದಾದರೆ ವೋಕನ್ನು ಮೇಲೆತ್ತಿ ಕೆಂಡವನ್ನೇ ನೋಡುತ್ತಿರಿ. ಮೂರು ನಾಲ್ಕು ಸೆಕೆಂಡಿನಲ್ಲಿ ಅದು ಜೀವ ಬಂದಂತೆ ಹೊಳೆದರೆ, ಇಷ್ಟು ಹೊತ್ತೂ ನಿಮ್ಮ ವೋಕ್ ಪಾತ್ರೆಯಾಗಿರಲಿಲ್ಲ, ಮುಚ್ಚಳವಾಗಿತ್ತು. ಬೆಂಕಿಗೆ ಗಾಳಿ ಒಳಬರುವ ದಾರಿ ಎಷ್ಟು ಮುಖ್ಯವೋ ಬಿಸಿಗಾಳಿ ಹೊರಹೋಗುವ ದಾರಿಯೂ ಅಷ್ಟೇ ಮುಖ್ಯ. ಗ್ರಿಲ್‌ನ ಬಾಯಿಗೆ ವೋಕ್ ಬಿಗಿಯಾಗಿ ಕುಳಿತರೆ ಎರಡನೆಯ ದಾರಿ ಮುಚ್ಚಿಹೋಗುತ್ತದೆ, ಕೆಂಡ ಉಸಿರುಗಟ್ಟುತ್ತದೆ, ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡನ್ನೂ ಹೆಚ್ಚು ಬಿಡುತ್ತದೆ. ವೋಕಿನ ಸುತ್ತ ಒಂದೆರಡು ಬೆರಳು ತೂರುವಷ್ಟು ಸಂದು ಬೇಕು. ಬದಿಯಲ್ಲಿ ತೂತುಗಳಿರುವ ಉಕ್ಕಿನ ಬಳೆಯ ಮೇಲೆ ಕೂರಿಸಿದರೆ ಇದು ತಾನಾಗಿ ಬಗೆಹರಿಯುತ್ತದೆ. ಗ್ರಿಲ್‌ನ ಮುಚ್ಚಳದಲ್ಲಿರುವ ಮೇಲಿನ ಕಿಂಡಿಯ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ, ಮುಚ್ಚಳ ತೆಗೆದಿಟ್ಟಾಗ ಅದಕ್ಕೆ ಕೆಲಸವೇ ಇಲ್ಲ.

ಮೂರನೆಯದು ಅಂತರ. ಮಾಂಸ ಸುಡಲೆಂದು ಮಾಡಿದ ಜಾಲರಿ ಕೆಂಡದಿಂದ ಸಾಕಷ್ಟು ಎತ್ತರದಲ್ಲಿರುತ್ತದೆ. ಅದರ ಮೇಲೆ ದುಂಡುತಳದ ವೋಕ್ ಇಟ್ಟರೆ ತಳದ ಒಂದು ಚುಕ್ಕೆ ಮಾತ್ರ ಜಾಲರಿಗೆ ತಾಗುತ್ತದೆ, ಉಳಿದ ಮೈ ಇನ್ನೂ ಮೇಲೆ. ಜಾಲರಿ ತೆಗೆದುಬಿಡಿ, ಅಥವಾ ನಡುವೆ ವೃತ್ತಾಕಾರದ ತೆರಪಿರುವ ಜಾಲರಿ ಬಳಸಿ ವೋಕಿನ ತಳ ಅದರೊಳಗೆ ಇಳಿಯುವಂತೆ ಮಾಡಿ. ತಳಕ್ಕೂ ಕೆಂಡಕ್ಕೂ ನಡುವೆ ನಾಲ್ಕು ಬೆರಳು ಅಂತರ ಒಳ್ಳೆಯ ಆರಂಭ. ಕೆಂಡಕ್ಕೇ ಒತ್ತಿ ಕೂರಿಸಬೇಡಿ, ಅಲ್ಲಿ ಗಾಳಿಯಾಡದು.

ಇಷ್ಟಾದ ಮೇಲೆಯೇ ಇದ್ದಿಲಿನ ಪ್ರಮಾಣ ನೋಡುವುದು. ಒಂದು ಕಿಲೋ ಇದ್ದಿಲಿನಲ್ಲಿ ಸುಮಾರು 30 ಮೆಗಾಜೂಲ್ ಶಕ್ತಿಯಿದೆ. ಅರ್ಧ ಗಂಟೆಯಲ್ಲಿ ಅದು ಉರಿದರೆ ಸರಾಸರಿ 16 ಕಿಲೋವಾಟ್‌ಗೂ ಮೇಲೆ. ಮನೆಯ ಗ್ಯಾಸ್ ಒಲೆಯ ದೊಡ್ಡ ಬರ್ನರ್ ಕೊಡುವುದು ಸುಮಾರು 3 ಕಿಲೋವಾಟ್. ಅಂದರೆ ಇದ್ದಿಲಿನಲ್ಲಿ ಕಾವಿಗೆ ಬರವಿಲ್ಲ. ಹೆಚ್ಚಿನ ಪಾಲು ಬದಿಗೂ ಆಕಾಶಕ್ಕೂ ಹೋಗುತ್ತಿದೆ, ಅಷ್ಟೇ. ಹರಡಿದ ಕೆಂಡವನ್ನು ನಡುವಿಗೆ ಗುಡ್ಡೆ ಮಾಡಿದರೆ ಹೊಸ ಇದ್ದಿಲು ಸುರಿಯುವ ಅಗತ್ಯ ಎಷ್ಟೋ ಸಲ ಬರುವುದೇ ಇಲ್ಲ. ಜಾತಿಯ ವಿಷಯಕ್ಕೆ ಬಂದರೆ, ವೋಕಿಗೆ ನನ್ನ ಓಟು ಮರದ ತುಂಡು ಇದ್ದಿಲಿಗೆ. ಅದು ಬೇಗ ಕಾವೇರುತ್ತದೆ, ಗಾಳಿ ಕೊಟ್ಟರೆ ತಕ್ಷಣ ಸ್ಪಂದಿಸುತ್ತದೆ, ಬೂದಿಯೂ ಕಡಿಮೆ. ಅಚ್ಚಿನಲ್ಲಿ ಒತ್ತಿದ ಬ್ರಿಕೆಟ್ ನಿಧಾನವಾಗಿ, ಒಂದೇ ಸಮನೆ ಉರಿಯುತ್ತದೆ. ಗಂಟೆಗಟ್ಟಲೆ ಬೇಯಿಸುವವರಿಗೆ ಅದು ಗುಣ, ಎರಡು ನಿಮಿಷದಲ್ಲಿ ಹುರಿದು ಇಳಿಸುವವರಿಗೆ ಅಲ್ಲ. ತೇವ ಹೀರಿದ ಇದ್ದಿಲು ಚಟಪಟ ಸಿಡಿಯುತ್ತದೆ, ಹೊತ್ತಿಕೊಳ್ಳಲು ತಡಮಾಡುತ್ತದೆ.

ಕೊನೆಯ ಅಸ್ತ್ರ ಬೀಸಣಿಗೆ ಅಥವಾ ಸಣ್ಣ ಬ್ಲೋವರ್. ತಳದ ಕಿಂಡಿಯಿಂದ ಊದಿದರೆ ಕೆಂಡ ಕಣ್ಣೆದುರೇ ಬಿಳಿಗೆಂಪಾಗುತ್ತದೆ. ಇದನ್ನು ಕೊನೆಯ ಸ್ಥಾನದಲ್ಲಿ ಇಟ್ಟಿರುವುದಕ್ಕೆ ಕಾರಣವಿದೆ. ಬೂದಿ ಕಟ್ಟಿದ, ಬಾಯಿ ಮುಚ್ಚಿದ ಗ್ರಿಲ್‌ಗೆ ಗಾಳಿ ಊದಿದರೆ ಕಾವಿಗಿಂತ ಹೆಚ್ಚಾಗಿ ಕಿಡಿ ಬರುತ್ತದೆ. ಕನ್ನಡಕ ಹಾಕಿಕೊಳ್ಳಿ, ಸಡಿಲ ತೋಳಿನ ಬಟ್ಟೆ ಬೇಡ.

ಹುರಿಯಬೇಕಾದದ್ದು ಬೇಯುತ್ತಿದೆ

ನೀರಿನ ಹನಿ ಚೆನ್ನಾಗಿಯೇ ಕುಣಿಯಿತು, ಎಣ್ಣೆಯೂ ಹೊಗೆಯಾಡಿತು, ತರಕಾರಿ ಹಾಕಿದ ಕ್ಷಣದಿಂದ ಎಲ್ಲ ಸಪ್ಪೆ. ಇಲ್ಲಿ ಕಿವಿಯನ್ನು ನಂಬಿ. ಸರಿಯಾದ ಕಾವಿನಲ್ಲಿ ಚಟಚಟ ಸದ್ದು ತುಸು ತಗ್ಗಿ ಅರ್ಧ ನಿಮಿಷದೊಳಗೆ ಮರಳುತ್ತದೆ. ಅದು ಕೊತಕೊತಕ್ಕೆ ಇಳಿದು ಅಲ್ಲೇ ಉಳಿದರೆ ನೀರು ಗೆದ್ದಿದೆ.

ಲೆಕ್ಕ ಹಾಕಿ ನೋಡಿದರೆ ಏಕೆಂದು ತಿಳಿಯುತ್ತದೆ. ಒಂದೂವರೆ ಕಿಲೋ ತೂಕದ ಉಕ್ಕಿನ ವೋಕ್ 300 ಡಿಗ್ರಿಯಿಂದ 100ಕ್ಕೆ ಇಳಿಯುವಾಗ ಬಿಟ್ಟುಕೊಡುವುದು ಸುಮಾರು 150 ಕಿಲೋಜೂಲ್. ಕುದಿಬಿಂದು ಮುಟ್ಟಿದ 100 ಗ್ರಾಂ ನೀರು ಆವಿಯಾಗಲು ಬೇಕಾದದ್ದು ಸುಮಾರು 225. ವೋಕ್ ಕೂಡಿಟ್ಟ ಕಾವೆಲ್ಲ ಸೇರಿದರೂ 70 ಗ್ರಾಂ ನೀರನ್ನು ಓಡಿಸಲಾರದು. ಉಳಿದದ್ದನ್ನು ಕೆಂಡವೇ ಆ ಕ್ಷಣದಲ್ಲಿ ಕೊಡಬೇಕು. ತೊಳೆದು ಹಾಗೆಯೇ ಬುಟ್ಟಿಯಲ್ಲಿಟ್ಟ ಒಂದು ಕಟ್ಟು ಸೊಪ್ಪು ಎಲೆಗಳ ಮಡಿಕೆಯಲ್ಲಿ ಎಷ್ಟು ನೀರು ಹೊತ್ತಿರುತ್ತದೆ ಎಂದು ಬಟ್ಟೆಯ ಮೇಲೆ ಒದರಿ ನೋಡಿದರೆ ಗೊತ್ತಾಗುತ್ತದೆ.

ಹಾಗಾಗಿ ಮೊದಲು ಒರೆಸಿ ಒಣಗಿಸಿ. ಖರ್ಚಿಲ್ಲ. ನಂತರ ಪ್ರಮಾಣ ಇಳಿಸಿ: 35 ಸೆಂಟಿಮೀಟರ್ ಅಗಲದ ವೋಕಿಗೆ ಒಮ್ಮೆಗೆ 250–300 ಗ್ರಾಂ ಸಾಕು. ನಾಲ್ಕು ಮಂದಿಯ ಊಟವನ್ನು ಮೂರು ಕಂತಿನಲ್ಲಿ ಹುರಿದರೆ ಒಂದೇ ಸಲ ಸುರಿದದ್ದಕ್ಕಿಂತ ಬೇಗ ಮುಗಿಯುತ್ತದೆ. ಮಾಂಸ ಮೊದಲು ಹುರಿದು ತೆಗೆದಿಡಿ, ತರಕಾರಿ ಆಮೇಲೆ, ಕೊನೆಗೆ ಎರಡನ್ನೂ ಕೂಡಿಸಿ. ಉಪ್ಪು ನೀರನ್ನು ಎಳೆಯುತ್ತದೆ, ಸಾಸು ತಾನೇ ನೀರು. ಕೊನೆಯಲ್ಲಿ ಇವೆರಡೂ ಬರಲಿ. ಸಾಸನ್ನು ಬಿಸಿ ಗೋಡೆಗುಂಟ ಇಳಿಬಿಡಿ, ತಳ ತಣ್ಣಗಾಗುವುದಿಲ್ಲ.

ಮೊದಲ ಕಂತು ಅದ್ಭುತ, ಮೂರನೆಯದು ಸಪ್ಪೆ

ಇದು ದೋಷವಲ್ಲ, ಇದ್ದಿಲಿನ ಆಯುಸ್ಸು. ತುಂಡು ಇದ್ದಿಲು ಉಗ್ರವಾಗಿ ಉರಿಯುವ ಅವಧಿ ಚಿಕ್ಕದು. ಹೆಚ್ಚುವುದು, ಅಳೆಯುವುದು, ಬೆರೆಸುವುದು ಎಲ್ಲವನ್ನೂ ಬೆಂಕಿ ಹಚ್ಚುವ ಮೊದಲೇ ಮುಗಿಸಿಡಿ. ಕೆಂಡ ಕಾದಿರುವಾಗ ಈರುಳ್ಳಿ ಸುಲಿಯುತ್ತ ಕುಳಿತರೆ ಅದರ ಯೌವನ ಬರಿದೇ ಕಳೆಯುತ್ತದೆ. ಹೆಚ್ಚು ಕಂತುಗಳಿದ್ದರೆ ಚಿಮಣಿ ಸ್ಟಾರ್ಟರ್‌ನಲ್ಲಿ (ಇದ್ದಿಲು ತುಂಬಿ ಹೊತ್ತಿಸುವ ಉದ್ದ ಲೋಹದ ಡಬ್ಬ) ಎರಡನೆಯ ಸುತ್ತನ್ನು ಮುಂಚಿತವಾಗಿ ಹೊತ್ತಿಸಿಡಿ. ಮೇಲಿನ ತುಂಡುಗಳು ಬೂದುಬಣ್ಣಕ್ಕೆ ತಿರುಗಲು 15ರಿಂದ 20 ನಿಮಿಷ ಬೇಕು. ಇನ್ನೂ ಹೊತ್ತಿರದ ಹಸಿ ಇದ್ದಿಲನ್ನು ನೇರವಾಗಿ ಕೆಂಡದ ಮೇಲೆ ಸುರಿದರೆ ಕಾವು ಇಳಿಯುತ್ತದೆ, ಹೊಗೆ ಏರುತ್ತದೆ. ಚಿಮಣಿಯ ಮೇಲೆಯೇ ವೋಕ್ ಇಟ್ಟು ಹುರಿಯುವವರೂ ಇದ್ದಾರೆ. ಕಾವು ಭರ್ಜರಿಯಾಗಿ ಬರುತ್ತದೆ ನಿಜ, ಆದರೆ ಸಪೂರ ಡಬ್ಬದ ಮೇಲೆ ಅಗಲ ವೋಕ್, ಅದರಲ್ಲಿ ಬಿಸಿ ಎಣ್ಣೆ. ನಾನಂತೂ ಆ ಕಡೆ ಹೋಗುವುದಿಲ್ಲ.

ತಳ ಸರಿ, ಅಂಚಿನಲ್ಲಿ ಕರಕಲು

ಕೆಂಡ ಅಗಲವಾಗಿ ಹರಡಿದೆ, ವೋಕಿನ ಗೋಡೆ ತಳದಷ್ಟೇ ಕಾಯುತ್ತಿದೆ. ಬದಿಗೆ ತಳ್ಳಿದ ಪದಾರ್ಥ ತುಸು ತಣ್ಣನೆಯ ಜಾಗದಲ್ಲಿ ವಿಶ್ರಮಿಸುವುದು ವೋಕಿನ ಮುಖ್ಯ ಅನುಕೂಲ. ಅದು ಇಲ್ಲಿ ಕಳೆದುಹೋಗಿದೆ. ಕೆಂಡವನ್ನು ತಳದ ಅಗಲಕ್ಕೆ ತಕ್ಕಂತೆ ನಡುವಿಗೆ ಎಳೆಯಿರಿ. ಜಾರಿ ಹರಡುತ್ತಿದ್ದರೆ ಒಣಗಿದ, ಕಾವು ತಾಳುವ ಬೆಂಕಿ ಇಟ್ಟಿಗೆಗಳನ್ನು ಸುತ್ತ ಇಟ್ಟು ತಡೆಯಿರಿ. ಹುರಿಯುವಾಗ ಕಾವು ಕೈಮೀರಿದರೆ ಕಿಂಡಿ ಮುಚ್ಚಿ ಕಾಯುತ್ತ ನಿಲ್ಲಬೇಡಿ, ಇದ್ದಿಲು ಅಷ್ಟು ಬೇಗ ಮಾತು ಕೇಳುವುದಿಲ್ಲ. ವೋಕನ್ನೇ ಎತ್ತಿ ಪಕ್ಕದಲ್ಲಿ ಸಿದ್ಧವಾಗಿಟ್ಟ ಗಟ್ಟಿ ಆಸರೆಯ ಮೇಲಿಡಿ.

ಎಲ್ಲವೂ ಅಂಟುತ್ತಿದೆ, ವೋಕಿನ ಬಣ್ಣ ಬದಲಾಗಿದೆ

ಬಣ್ಣ ಓದಲು ಕಲಿತರೆ ಅರ್ಧ ಗಾಬರಿ ಇಳಿಯುತ್ತದೆ. ಹೊಸ ಕಾರ್ಬನ್ ಸ್ಟೀಲ್ ವೋಕ್ ಕೆಂಡದ ಮೇಲೆ ಮೊದಲು ಹುಲ್ಲಿನ ಹಳದಿ, ಆಮೇಲೆ ನೇರಳೆ, ಸುಮಾರು 300 ಡಿಗ್ರಿಯಲ್ಲಿ ನೀಲಿಯಾಗುತ್ತದೆ. ಲೋಹದ ಮೇಲೆ ಮೂಡುವ ತೆಳು ಆಕ್ಸೈಡ್ ಪದರದ ಬಣ್ಣವದು, ಕೆಟ್ಟದ್ದಲ್ಲ. ಹೊಸದರ ಮೈಗೆ ಕಾರ್ಖಾನೆಯಲ್ಲಿ ಹಚ್ಚಿದ ರಕ್ಷಣಾ ಎಣ್ಣೆ ಅಥವಾ ಮೇಣ ಇರುತ್ತದೆ. ಅದನ್ನು ಬಿಸಿನೀರು, ಸೋಪು, ಉಕ್ಕಿನ ನಾರಿನಿಂದ ತಿಕ್ಕಿ ತೆಗೆಯದೆ ಪಳಗಿಸಲು, ಅಂದರೆ ಎಣ್ಣೆ ಸವರಿ ಕಾಯಿಸಿ ಗಟ್ಟಿ ಪದರ ಕೂರಿಸಲು, ಹೊರಟರೆ ಮುಂದೆಲ್ಲ ಅಂಟುತ್ತಲೇ ಇರುತ್ತದೆ.

ಪಳಗಿದ ವೋಕಿನಲ್ಲಿ ಕಪ್ಪು ಮಾಸಿ ಬೂದುಬಣ್ಣದ ಒರಟು ತೇಪೆ ಕಂಡರೆ, ಎಣ್ಣೆ ಗಟ್ಟಿಯಾಗಿ ಕೂತಿದ್ದ ಪದರ ಅತಿಕಾವಿಗೆ ಸುಟ್ಟುಹೋಗಿದೆ. ಖಾಲಿ ವೋಕನ್ನು ಕೆಂಡದ ಮೇಲೆ ಬಿಟ್ಟು ಮಾತಿಗೆ ನಿಂತವರಿಗೆ ಇದು ಖಾಯಂ ಬಹುಮಾನ. ಪಾತ್ರೆ ಹಾಳಾಗಿಲ್ಲ. ತೊಳೆದು, ಒಲೆಯ ಮೇಲೆ ಪೂರ್ತಿ ಆರಿಸಿ, ನಾಲ್ಕು ಹನಿ ಎಣ್ಣೆ ಸವರಿ, ಎಲ್ಲವನ್ನೂ ಒರೆಸಿ ತೆಗೆದೆವೇನೋ ಎನ್ನಿಸುವಷ್ಟು ಒರೆಸಿ, ಹೊಗೆ ನಿಲ್ಲುವವರೆಗೆ ಕಾಯಿಸಿ. ಮೂರು ನಾಲ್ಕು ಸಲ. ಗೋಡೆಯೂ ಸಮನಾಗಿ ಕಾಯುವುದರಿಂದ ಈ ಕೆಲಸಕ್ಕೆ ಹರಡಿದ ಕೆಂಡ ಗ್ಯಾಸಿಗಿಂತ ಮೇಲು. ಕಂದು ಬಣ್ಣದ ಜಿಗುಟು ಉಳಿದರೆ ಎಣ್ಣೆ ಹೆಚ್ಚಾಗಿದೆ. ಕಿತ್ತಳೆ ಪುಡಿ ತುಕ್ಕು, ತಿಕ್ಕಿ ಮತ್ತೆ ಪಳಗಿಸಿ. ಕಪ್ಪು ಹಕ್ಕಳೆಯಾಗಿ ಏಳುತ್ತಿರುವುದು ಸೀದ ಆಹಾರ, ಕೆರೆದು ತೆಗೆಯಿರಿ.

ಬಣ್ಣವೆಲ್ಲ ಸರಿಯಿದ್ದೂ ಅಂಟುತ್ತಿದ್ದರೆ ವೋಕ್ ಕಾಯುವ ಮೊದಲೇ ಪದಾರ್ಥ ಬಿದ್ದಿದೆ, ಅಥವಾ ಬಿದ್ದ ತಕ್ಷಣ ಕೆದಕಿದ್ದೀರಿ. ಮಾಂಸದ ತುಂಡು ಕೆಳಗೆ ಕಂದಿದ ಮೇಲೆ ತಾನಾಗಿ ಬಿಡಿಸಿಕೊಳ್ಳುತ್ತದೆ.

ಕಾದ ವೋಕಿಗೆ ತಣ್ಣೀರು ಸುರಿಯಬೇಡಿ. ಉಕ್ಕು ಸೊಟ್ಟಗಾಗುತ್ತದೆ, ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ಬಿರುಕು ಬಿಟ್ಟದ್ದನ್ನು ದುರಸ್ತಿ ಮಾಡಿ ಮತ್ತೆ ಬೆಂಕಿಗೆ ಇಡುವ ಯೋಚನೆ ಬಿಡಿ.

ಕಹಿ ರುಚಿ, ಸೀಮೆಎಣ್ಣೆ ವಾಸನೆ, ಬಿಳಿ ಚುಕ್ಕೆ

ವೋಕ್ ಇಡುವ ಮೊದಲು ಕೆಂಡದ ಗಾಳಿಯನ್ನು ಮೂಸಿ ನೋಡಿ. ದಪ್ಪ ಬಿಳಿ ಹೊಗೆ ಬರುತ್ತಿದ್ದರೆ ಇದ್ದಿಲು ಇನ್ನೂ ಪೂರ್ತಿ ಹೊತ್ತಿಲ್ಲ. ಹೊಗೆ ಹೋಗಿ ಗಾಳಿ ಬಿಸಿಗೆ ತೇಲುವಂತೆ ಕಂಡರೆ ಸಿದ್ಧ. ಹೊತ್ತಿಸುವ ದ್ರವದ ವಾಸನೆ ಇದ್ದರೆ ಅದು ಉರಿದುಹೋಗುವವರೆಗೆ ಕಾಯುವುದೊಂದೇ ದಾರಿ. ಕೆಂಡ ಮಂದವಾಗಿದೆ ಎಂದು ಅದರ ಮೇಲೆ ಆ ದ್ರವವನ್ನು ಮತ್ತೆ ಸುರಿಯಬಾರದು, ಜ್ವಾಲೆ ಬಾಟಲಿಯವರೆಗೆ ಏರಿಬರಬಹುದು.

ಮೂಗಿಗೆ ಏನೂ ಸಿಗದೆ ನಾಲಿಗೆಗೆ ಮಾತ್ರ ಕಹಿಯಾದರೆ ಎಣ್ಣೆ ಅಥವಾ ಬೆಳ್ಳುಳ್ಳಿ ಸೀದಿದೆ. ಬಿಳಿ ಚುಕ್ಕೆ ಬೂದಿ: ಊದುವುದು, ಕೆದಕುವುದು ವೋಕ್ ಖಾಲಿಯಿರುವಾಗ ನಡೆಯಲಿ.

ಇಲ್ಲೊಂದು ಭ್ರಮೆಯನ್ನೂ ಹೇಳಿಬಿಡಬೇಕು. ಇದ್ದಿಲಿನ ಮೇಲೆ ಹುರಿದರೆ ಇದ್ದಿಲಿನ ಪರಿಮಳ ಬರುತ್ತದೆ ಎಂದು ಅನೇಕರು ನಿರೀಕ್ಷಿಸುತ್ತಾರೆ. ನಡುವೆ ಲೋಹವಿದೆ, ಪರಿಮಳ ಅದನ್ನು ತೂರಿ ಬರುವುದಿಲ್ಲ. ಕ್ಯಾಂಟನೀಸ್ ಅಡುಗೆಯವರು ‘ವೋಕ್ ಹೇ’ ಎನ್ನುವ ಸುವಾಸನೆ ಬಿರುಸಿನ ಕಾವು, ಸುಡುವ ಎಣ್ಣೆಯ ತುಂತುರು ಮತ್ತು ಚುರುಕು ಕೈಯಿಂದ ಹುಟ್ಟುವಂಥದ್ದು. ನಿಮ್ಮ ಅಡುಗೆ ಗಾಢವಾಗಿ ಹೊಗೆ ನಾರುತ್ತಿದ್ದರೆ ಅದು ಸಾಧನೆಯಲ್ಲ, ಹಸಿ ಇದ್ದಿಲು.

ಎಣ್ಣೆ ಹೊತ್ತಿಕೊಂಡಿತು

ಸಂಸ್ಕರಿಸಿದ ಶೇಂಗಾ, ಸೂರ್ಯಕಾಂತಿ ಎಣ್ಣೆಗಳು ಸುಮಾರು 230 ಡಿಗ್ರಿಯಲ್ಲಿ ಹೊಗೆಯಾಡುತ್ತವೆ. ತೆಳು ಹೊಗೆ ಕಂಡಾಗಲೇ ಪದಾರ್ಥ ಬೀಳಬೇಕು. ಹೊಗೆ ದಟ್ಟವಾದರೆ ವೋಕನ್ನು ಬೆಂಕಿಯಿಂದ ಸರಿಸಿ. ಉರಿ ಹೊತ್ತಿಯೇ ಬಿಟ್ಟರೆ ನೀರು ಬೇಡ: ನೀರು ಕ್ಷಣದಲ್ಲಿ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ವೋಕನ್ನು ಎತ್ತಿ ಓಡಲೂ ಬೇಡಿ. ಮೊದಲೇ ಹೇಳಿದ ಲೋಹದ ಮುಚ್ಚಳವನ್ನು ಬದಿಯಿಂದ ಜಾರಿಸಿ ಮುಚ್ಚಿ, ತಳದ ಕಿಂಡಿಗಳನ್ನು ಮುಚ್ಚಿ, ಪೂರ್ತಿ ತಣಿಯುವವರೆಗೆ ತೆರೆದು ನೋಡಬೇಡಿ. ಒಂದೇ ಪ್ರಯತ್ನದಲ್ಲಿ ಆರದಿದ್ದರೆ ದೂರ ಸರಿದು ಅಗ್ನಿಶಾಮಕದವರನ್ನು ಕರೆಯಿರಿ.

ಮುಚ್ಚಿಟ್ಟ ಸೆರಾಮಿಕ್ ಗ್ರಿಲ್‌ಗಳದ್ದು ಬೇರೆಯ ಅಪಾಯ. ಗಾಳಿಗಾಗಿ ಹಸಿದ ಬೆಂಕಿಗೆ ಮುಚ್ಚಳವನ್ನು ಒಮ್ಮೆಲೇ ತೆರೆದರೆ ಜ್ವಾಲೆ ಮುಖಕ್ಕೆ ನುಗ್ಗುತ್ತದೆ. ಎರಡು ಬೆರಳಷ್ಟು ಎತ್ತಿ, ಕೆಲ ಸೆಕೆಂಡು ತಡೆದು, ಆಮೇಲೆ ತೆರೆಯಿರಿ.

ಹಿಡಿ ಸುಡುತ್ತಿದೆ, ಅಲ್ಲಾಡುತ್ತಿದೆ

ಗ್ರಿಲ್‌ನ ಅಂಚಿನಿಂದ ಏಳುವ ಬಿಸಿಗಾಳಿ ನೇರ ಹಿಡಿಗೆ ಬಡಿಯುತ್ತದೆ. ಮರದ ಹಿಡಿ ಕ್ರಮೇಣ ಕರಕಲಾಗಿ ಒಳಗೆ ಸಡಿಲಗೊಳ್ಳುತ್ತದೆ. ಕೆಂಡದ ಗುಡ್ಡೆಯನ್ನು ಹಿಡಿಯಿಂದ ಆಚೆಗೆ ತುಸು ಸರಿಸಿ, ದಪ್ಪ ಚರ್ಮದ ಕೈಗವಸು ಹಾಕಿ. ಒದ್ದೆ ಬಟ್ಟೆಯಲ್ಲಿ ಹಿಡಿಯಬೇಡಿ, ತೇವ ಕಾವನ್ನು ಬೇಗ ಕೈಗೆ ದಾಟಿಸುತ್ತದೆ. ರಿವೆಟ್ ಅಲ್ಲಾಡುತ್ತಿದ್ದರೆ ಅಂದಿನ ಅಡುಗೆ ಅಲ್ಲಿಗೇ ನಿಲ್ಲಲಿ.

ಸುಟ್ಟರೆ 20 ನಿಮಿಷ ಹರಿಯುವ ತಂಪು ನೀರು. ಮಂಜುಗಡ್ಡೆ, ಬೆಣ್ಣೆ, ಟೂತ್‌ಪೇಸ್ಟ್ ಬೇಡ. ಗಾಯ ಅಂಗೈಗಿಂತ ದೊಡ್ಡದಾಗಿದ್ದರೆ, ಮುಖ ಅಥವಾ ಕೈಯ ಕೀಲುಗಳ ಮೇಲಿದ್ದರೆ ವೈದ್ಯರಿಗೆ ತೋರಿಸಿ.

ಅಡುಗೆ ಸರಿ, ಅಡುಗೆಯವರಿಗೆ ತಲೆನೋವು

ತಲೆನೋವು, ತಲೆಸುತ್ತು, ವಾಕರಿಕೆ, ಮಂಕು ಕವಿದಂತೆ ಆಗುವುದು ಇವನ್ನು ಬಿಸಿಲಿನ ಲೆಕ್ಕಕ್ಕೆ ಹಾಕಬೇಡಿ. ಕಾರ್ಬನ್ ಮಾನಾಕ್ಸೈಡ್ ಮಾಡುವುದೂ ಇದನ್ನೇ. ಸುತ್ತ ಇರುವವರಿಗೂ ಹಾಗೆಯೇ ಆಗುತ್ತಿದ್ದರೆ ಸಂಶಯವೇ ಬೇಡ. ಎಲ್ಲರೂ ಶುದ್ಧ ಗಾಳಿಗೆ ಸರಿಯಿರಿ, ತುರ್ತು ವೈದ್ಯಕೀಯ ನೆರವು ಪಡೆಯಿರಿ. ಆರುತ್ತಿರುವ ಕೆಂಡವೂ ಅದೇ ಅನಿಲ ಬಿಡುತ್ತಿರುತ್ತದೆ. ಮಳೆ ಬಂತೆಂದು ಗ್ರಿಲ್ಲನ್ನು ಒಳಗೆ ತರಬಾರದು.

ಅಡುಗೆ ಮುಗಿದ ಮೇಲೆ ಎಲ್ಲ ಕಿಂಡಿಗಳನ್ನೂ ಮುಚ್ಚಿ. ಬೂದಿಯನ್ನು ಎರಡು ದಿನ ತಣಿಯಲು ಬಿಟ್ಟು ಮುಚ್ಚಳವಿರುವ ಲೋಹದ ಡಬ್ಬಕ್ಕೆ ಹಾಕಿ. ಬೆಳಗಾಗುವಷ್ಟರಲ್ಲಿ ಆರಿರಬೇಕು ಎಂದು ಅಂದಾಜಿಸಿ ನಾನೊಮ್ಮೆ ಪ್ಲಾಸ್ಟಿಕ್ ಬಕೆಟ್‌ಗೆ ಸುರಿದಿದ್ದೆ. ಮಧ್ಯಾಹ್ನದ ಹೊತ್ತಿಗೆ ಬಕೆಟ್‌ಗೆ ತಳವಿರಲಿಲ್ಲ.